ಯಾವ ಕಾಲು?

"ತಲೆ ಕಡೆ ಸ್ವಲ್ಪ ಎತ್ರಪ್ಪ, ಚೌಕಟ್ಟಿಗೆ ತಾಗುತ್ತೆ," ಎಂದು ಪಕ್ಕದ ಹೊಲದ ರೈತ ಹೇಳುತ್ತಿರುವಾಗಲೇ ಪರಿಹಾರ ಕಚೇರಿಯ ತನಿಖಾಧಿಕಾರಿ ಅಂಗಳಕ್ಕೆ ಬಂದ. ಹೆಣ ಹೊತ್ತ ನಾಲ್ವರೂ ನಿಂತಲ್ಲೇ ನಿಂತರು. ಸತ್ತವರ ಹೆಂಡತಿ ಸೆರಗು ಹೊದ್ದು ಮುಂದೆ ಬಂದಳು.

ಸತ್ತವರು ಅದೇ ಕಚೇರಿಯ ಅಳತೆಗಾರರು. ನೆರೆ ಇಳಿದ ಮೇಲೆ ಆ ಕೆಸರಲ್ಲಿ ಟೇಪು ಹಿಡಿಯಲಾಗದೆ, ಹಾಳಾದ ಹೊಲಗಳನ್ನು ಹೆಜ್ಜೆಯಲ್ಲೇ ಅಳೆದಿದ್ದರು. ಅವರ ಒಂದು ಹೆಜ್ಜೆ ಎಷ್ಟುದ್ದ ಎನ್ನುವುದು ಕೆಲಸಕ್ಕೆ ಸೇರಿದ ದಿನವೇ ಕಡತ ಸೇರಿತ್ತು. ಊರಿಗೆಲ್ಲ ಅವರು ಹೆಜ್ಜೆ ಸಾಹೇಬರು. ಈ ಸಲ ಮಾತ್ರ ಒಂದು ಕಾಲು ಎಳೆದುಕೊಂಡು ನಡೆದಿದ್ದರು. ಹೆಜ್ಜೆ ಗಿಡ್ಡವಾಯಿತು, ಎಣಿಕೆ ಹೆಚ್ಚಿತು, ನಲವತ್ತು ಮನೆಗಳಿಗೆ ಪರಿಹಾರವೂ ಹೆಚ್ಚಾಗಿ ಬಂತು.

"ಇವತ್ತು ಕೇಳಬಾರದು ಅಮ್ಮ, ಆದ್ರೆ ನಾಳೆ ವರದಿ ಹೋಗಬೇಕು," ಎಂದ ಅಧಿಕಾರಿ. "ಮಂಡಿನೋವು ನಿಜವಾಗಿದ್ರೆ ಕಡತ ಮುಚ್ಚುತ್ತೆ. ಬೇಕಂತ ಮಾಡಿದ್ರೆ ಮೋಸ. ಎಲ್ಲರ ಹತ್ರನೂ ವಾಪಸು ಕಟ್ಟಿಸ್ತಾರೆ. ನಿಮ್ಮ ಪಿಂಚಣಿನೂ ನಿಲ್ಲುತ್ತೆ."

"ನೋವಿತ್ತು."

"ಡಾಕ್ಟರ ಚೀಟಿ?"

"ಡಾಕ್ಟರ ಹತ್ರ ಹೋಗೋ ಜಾಯಮಾನ ಅಲ್ಲ ಅವರದು."

"ಹಾಗಾದ್ರೆ ಅವರ ಬೂಟು ತೋರಿಸಿ, ಸಾಕು. ಕಾಲೆಳೆಯೋರದು ಒಂದೇ ಬೂಟಿನ ತುದಿ ಸವೆಯುತ್ತೆ. ನಮ್ಮಪ್ಪಂದೂ ಹಾಗೇ ಇತ್ತು. ಮಣ್ಣು ಮುಗಿಸಿ ಬರ್ತೀನಿ." ಪಾಪ, ಹಾಗೆಂದು ತಾನೂ ಹೆಗಲು ಕೊಟ್ಟ.

"ನಡಿಯಮ್ಮ," ಎಂದಳು ಮಗಳು.

"ತಲೆ ಸುತ್ತುತ್ತೆ ಕಣೆ. ನೀನು ಹೋಗು."

* * *

ನೆರೆ ಇಳಿದ ವಾರ ಒಂದು ಸಂಜೆ ಗಂಡ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಬಂದಿದ್ದರು.

"ಮಂಡಿ ಹಿಡ್ಕೊಂಡಿದೆಯಂತೆ? ಅಂಗಡೀಲಿ ಎಲ್ರೂ ವಿಚಾರಿಸ್ತಾರೆ."

"ಹೊಲಕ್ಕಿಳಿದ್ರೆ ಹಿಡ್ಕೊಳ್ಳುತ್ತೆ, ಮನೆಗೆ ಬಂದ್ರೆ ಬಿಡುತ್ತೆ. ಸರ್ಕಾರಿ ಮಂಡಿ ಕಣೆ."

ಅವಳು ನಕ್ಕಳು. ಅವರು ನಗಲಿಲ್ಲ. "ಸರಿಯಾಗಿ ಅಳೆದ್ರೆ ಆ ರೈತರಿಗೆ ಬರೋದು ಬೀಜಕ್ಕೂ ಸಾಲಲ್ಲ," ಎಂದು ಕೈ ತೊಳೆಯಲು ಹೋದರು. ಮೂವತ್ತು ವರ್ಷದಲ್ಲಿ ಒಂದು ಗೇಣು ಹೆಚ್ಚುಕಡಿಮೆ ಬರೆಯದ ಮನುಷ್ಯ. ಅಂದಿನಿಂದ ಕಚೇರಿಯ ಜೀಪು ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

* * *

ಹಿತ್ತಲ ಒಗೆಯುವ ಕಲ್ಲಿನ ಮುಂದೆ ಕೂತು ಅವಳು ಬೂಟುಗಳನ್ನು ತಿರುಗಿಸಿ ನೋಡಿದಳು. ಎರಡೂ ಒಂದೇ ಸಮ ಸವೆದಿದ್ದವು. ಒಂದನ್ನು ಉಜ್ಜಬೇಕು. ಯಾವುದನ್ನು? ಮನೆಯಲ್ಲಿ ಅವರು ಒಂದು ದಿನವೂ ಕುಂಟಿದವರಲ್ಲ. ಎಳೆದದ್ದು ಯಾವ ಕಾಲೆಂದು ಅಧಿಕಾರಿ ಹೊಲದವರನ್ನೆಲ್ಲ ಕೇಳಿ ಬರೆದುಕೊಂಡಿರುತ್ತಾನೆ. ತಪ್ಪಿದರೆ ಮುಗಿಯಿತು.

ಬೂಟುಗಳಿಗೆ ಕಾಲು ತೂರಿಸಿ ಎದ್ದು, ಮೊದಲು ಒಂದು ಕಾಲು ಎಳೆದು ನೋಡಿದಳು, ಆಮೇಲೆ ಇನ್ನೊಂದು. ಏನೂ ತಿಳಿಯಲಿಲ್ಲ. ಅಲ್ಲಿ ಗಂಡನಿಗೆ ಮಣ್ಣು ಹಾಕುತ್ತಿದ್ದಾರೆ, ಇಲ್ಲಿ ತನಗೆ ಭಯದಲ್ಲಿ ಅಳುವೂ ಬರುತ್ತಿಲ್ಲ.

"ಬಲಗಾಲು, ಅಕ್ಕ."

ಪಕ್ಕದ ಹೊಲದ ರೈತ ಬೇಲಿ ದಾಟಿ ಓಡಿ ಬಂದಿದ್ದ. ಕೈಯಲ್ಲಿನ್ನೂ ಗುಂಡಿಯ ಮಣ್ಣಿತ್ತು.

"ನಿಮಗೆ... ಗೊತ್ತಿತ್ತಾ?"

"ನಮ್ಮ ಬದು ದಾಟುವಾಗ ಒಂದ್ಸಲ ಮರೆತು ಎಡಗಾಲು ಎಳೆದ್ರು. ನಾವೇ ಕೆಮ್ಮಿ ಜ್ಞಾಪಿಸಿದ್ವಿ. ಕೊಡಿ, ಬೇಗ. ಅವನು ಬರ್ತಿದಾನೆ."

ಬಲಗಾಲಿನದನ್ನು ಕಳಚಿ ಕೊಟ್ಟಳು. ಅವನು ಕುಕ್ಕರುಗಾಲಲ್ಲಿ ಕೂತು ಕಲ್ಲಿಗೆ ಬೂಟಿನ ತುದಿ ಉಜ್ಜತೊಡಗಿದ.

ಮುಂಬಾಗಿಲ ಚಿಲಕದ ಸದ್ದಾಯಿತು. "ಅಮ್ಮ, ಇದ್ದೀರಾ?"

"ಬಂದೆ," ಎಂದಳು. ಒಂದು ಕಾಲಲ್ಲಿ ಗಂಡನ ಬೂಟು, ಇನ್ನೊಂದು ಬರಿಗಾಲು. ಅದರ ಪರಿವೆಯೇ ಇಲ್ಲದೆ ಅವಳು ಕುಂಟುತ್ತ ಕುಂಟುತ್ತ ಬಾಗಿಲ ಕಡೆ ನಡೆದಳು.