ಕಾಲುಚೀಲ ತೊಟ್ಟ ಬಾಟಲಿಗಳು

ಬೆಳಗಿನ ಐದು ಗಂಟೆಗೆ ಎವಾಸಿಯೊ ಬರಿಗಾಲಲ್ಲಿ, ಬಿರಡೆ ತೆಗೆಯುವ ತಿರುಪನ್ನು ಕೈಯಲ್ಲಿ ಹಿಡಿದು, ತನ್ನದೇ ಮನೆಯ ನೆಲಮಾಳಿಗೆಗೆ ಕಳ್ಳನ ಹಾಗೆ ಇಳಿಯುತ್ತಿದ್ದ.

ಅವನೇನು ಕದ್ದು ನಡೆಯುವ ಆಸಾಮಿಯಲ್ಲ. ಇಟಲಿಯ ವೈನಿನ ಸೀಮೆ ಬರೋಲೊದ ಗುಡ್ಡಗಳಲ್ಲಿ ಅವನ ಮೂಗಿಗಿದ್ದ ಹೆಸರು ಇಗರ್ಜಿಯ ಗಂಟೆಗೂ ಇರಲಿಲ್ಲ. ದೂರದ ಟೂರಿನ್‌ನಲ್ಲಿ ಯಾರಾದರೂ ಈರುಳ್ಳಿ ಹುರಿದರೆ ಇಲ್ಲಿ ಇವನು ಸೀನುತ್ತಿದ್ದ. ಮುಚ್ಚಿದ ಬಾಟಲಿ ಮೂಸಿ, ಆ ವರ್ಷ ಮಳೆ ಯಾವ ವಾರ ಬಂದಿತ್ತೆಂದು ಹೇಳುತ್ತಿದ್ದ. ತಪ್ಪಾದರೆ ತಪ್ಪು ಮಳೆಯದು.

ಆದರೆ ಇವತ್ತು ಭಾನುವಾರದ ಊಟಕ್ಕೆ, ಅವನ ವೈನು ಮೇಲೋ ಮಗಳದೋ ಎಂದು ಪಂಥ. ಎಂಟು ವರ್ಷದ ಹಿಂದೆ ಒಂದೇ ಇಳಿಜಾರಿನ ದ್ರಾಕ್ಷಿಯನ್ನು ಅಪ್ಪ ಮಗಳು ಹಂಚಿಕೊಂಡಿದ್ದರು. ಅವನ ಪಾಲು ಅಜ್ಜನ ಕಾಲದ ದೈತ್ಯ ಪೀಪಾಯಿಗೆ ಹೋಯಿತು. ಅದರೊಳಗೆ ಮದುವೆ ಊಟದ ಪಂಕ್ತಿ ಹಾಕಿ, ವಾದ್ಯದವರಿಗೂ ಜಾಗ ಮಿಗಿಸಬಹುದಿತ್ತು. ಮಗಳು ಫಿಯೊರೆನ್ಸಾಳ ಪಾಲು ಫ್ರಾನ್ಸಿನಿಂದ ತರಿಸಿದ, ಒಳಮೈ ಸುಟ್ಟ, ಹೊಸ ಓಕ್ ಮರದ ಪುಟಾಣಿ ಪೀಪಾಯಿಗೆ. ಇವತ್ತು ಗೆದ್ದವರ ಪೀಪಾಯಿಗೆ ಈ ಸಲದ ಇಡೀ ಸುಗ್ಗಿ. ನೆಲಮಾಳಿಗೆಯ ಬೀಗದಕೈಯೂ ಅವರದೇ.

ಮಗಳ ವೈನು ಬಿರಡೆ ತೆಗೆದ ಕೂಡಲೇ ಎದ್ದು ಬಂದು ಅಪ್ಪಿಕೊಳ್ಳುವ ಜಾತಿ. ಅವನದು ಬಿಗುಮಾನದ್ದು, ಐದಾರು ತಾಸು ಗಾಳಿ ಕುಡಿಯದೆ ಮಾತಾಡದು. ಆದರೂ, "ಊಟದ ಹೊತ್ತಿಗೇ ಎರಡನ್ನೂ ತೆಗೀರಿ, ನನ್ನ ವೈನಿಗೆ ರಿಯಾಯಿತಿ ಬೇಡ," ಎಂದು ಜಂಬ ಕೊಚ್ಚಿದವನು ಇವನೇ. ರಾತ್ರಿಯಿಡೀ ಆ ಜಂಬ ಹಾಸಿಗೆಯಲ್ಲಿ ತಿಗಣೆಯಾಗಿ ಕಚ್ಚಿತ್ತು.

ಕೆಳಗೆ ಮೇಜಿನ ಮೇಲೆ ಎರಡು ಬಾಟಲಿ ನಿಂತಿದ್ದವು. ಮಗಳದು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಇವನದರ ಬಿರಡೆ ಆಗಲೇ ತೆಗೆದಿತ್ತು! ಗಾಳಿ ಚೆನ್ನಾಗಿ ಆಡಲೆಂದು ಯಾರೋ ವೈನನ್ನು ಬಾಟಲಿಯ ಭುಜದವರೆಗೆ ಇಳಿಸಿ, ಬಾಯಿಗೆ ಒಗೆದ ಬಿಳಿಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ಒಂದು ಖಾಲಿ ಲೋಟ. ಅದರ ಪಕ್ಕದಲ್ಲಿ ಫಿಯೊರೆನ್ಸಾಳ ಕನ್ನಡಕ.

ಎವಾಸಿಯೊ ತಿರುಪನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿದ.

ಮಧ್ಯಾಹ್ನ ಫಿಯೊರೆನ್ಸಾ ತನ್ನ ಬಾಟಲಿಯ ಬಿರಡೆಯನ್ನೂ ತೆಗೆದಿಟ್ಟಳು. ಎವಾಸಿಯೊನ ಅಕ್ಕ ಡೆಲ್ಫೀನಾ, ತನಗೂ ಗುರುತು ಸಿಗದಿರಲೆಂದು ಕಣ್ಣು ಮುಚ್ಚಿಕೊಂಡು, ಬಾಟಲಿಗಳಿಗೆ ತನ್ನ ತೀರಿಕೊಂಡ ಗಂಡನ ಉಣ್ಣೆಯ ಕಾಲುಚೀಲ ತೊಡಿಸಿ ತಂದಳು. ಒಂದು ಕೆಂಪು, ಒಂದು ಬೂದು.

"ಒಗೆದಿದ್ದೀಯಾ ತಾನೇ?" ಎಂದ ಪಕ್ಕದ ತೋಟದ ಜೆಪಿನ್.

"ನಿನ್ನ ಅಂಗಿಗಿಂತ ಚೆನ್ನಾಗಿ ಒಗೆದಿದೀನಿ. ಬಾಯ್ಮುಚ್ಕೊಂಡು ಕುಡಿ."

"ಬಾಯ್ಮುಚ್ಕೊಂಡು ಹೆಂಗಕ್ಕ ಕುಡೀಲಿ?"

ಕುಡಿದ. ಮತ್ತೆ ಕುಡಿದ. "ಬೂದು! ಇದನ್ನ ಕೊಟ್ಟಿದ್ರೆ ನಮ್ಮತ್ತೆನೂ ಒಂದ್ಸಲ ನಗ್ತಿದ್ಲು."

"ನನ್ನ ವೋಟು ಕೆಂಪಿಗೆ," ಎಂದಳು ಡೆಲ್ಫೀನಾ. "ಒಣಗಿದ ಗುಲಾಬಿ, ಡಾಂಬರು... ನಮ್ಮಪ್ಪನ ಕೋಟಿನ ವಾಸನೆ."

ವೋಟು ಒಂದಕ್ಕೊಂದು ಸಮ. ಫಿಯೊರೆನ್ಸಾ ಬ್ರೆಡ್ಡಿನ ಚೂರುಗಳನ್ನು ಒಟ್ಟು ಮಾಡುತ್ತಾ ತಲೆ ತಗ್ಗಿಸಿ ಕೂತಿದ್ದಳು.

"ಮೂಗಿನ ಸಾಹೇಬ್ರೇ, ತೀರ್ಪು ಕೊಡ್ರಪ್ಪ!" ಎಂದ ಜೆಪಿನ್.

ತನ್ನ ವೈನು ಯಾವುದೆಂದು ಎವಾಸಿಯೊಗೆ ಬಾಟಲಿ ಅಡುಗೆಮನೆಯ ಹೊಸ್ತಿಲು ದಾಟುವ ಮೊದಲೇ ಗೊತ್ತಾಗಿತ್ತು. ಕೆಂಪು ಕಾಲುಚೀಲದ್ದು ಬೆಳಗಿನಿಂದ ಗಾಳಿ ಕುಡಿದು ಮದುಮಗನ ಹಾಗೆ ಅರಳಿತ್ತು. ಅವನು ಬೂದಿನ ಲೋಟಕ್ಕೆ ಮೂಗಿಟ್ಟ. ಮೇಲೆ ಸಿಹಿ ಹೊಗೆ, ಸುಟ್ಟ ಮರ. ಇಷ್ಟು ವರ್ಷ ಅಲ್ಲಿಗೇ ಮೂಗು ತಿರುಗಿಸಿ ಎದ್ದುಬಿಡುತ್ತಿದ್ದ. ಇವತ್ತು ಎದ್ದೇಳಲಿಲ್ಲ. ಹೊಗೆಯ ಕೆಳಗೆ ಅವನ ಗುಡ್ಡ ಇತ್ತು. ಅದೇ ಸುಣ್ಣದ ಮಣ್ಣು, ಒಂದು ಹೆಂಟೆಯೂ ಕಡಿಮೆಯಾಗದೆ.

ಲೋಟವನ್ನು ಮೇಜಿಗೆ ಕುಟ್ಟಿ ಎದೆಯುಬ್ಬಿಸಿದ. "ಬೂದು! ಇದೇ ನನ್ನ ವೈನು. ಬೇಕಾದ್ರೆ ಬರೆದಿಟ್ಕೊಳ್ಳಿ, ಈ ಮೂಗು ಹುಟ್ಟಿದಾಗಿಂದ ತಪ್ಪಿಲ್ಲ."

ಡೆಲ್ಫೀನಾ ಕಾಲುಚೀಲ ಎಳೆದಳು. ಮಗಳ ಹೆಸರಿನ ಚೀಟಿ ಕಂಡಿತು. ಜೆಪಿನ್‌ ನಕ್ಕ ರಭಸಕ್ಕೆ ಹಂಡೆಪಾತ್ರೆಗಳು ಅದುರಿದವು, ಮೂರು ಗುಡ್ಡದಾಚೆ ನಾಯಿಗಳು ಬೊಗಳಿದವು. "ಅಯ್ಯೋ ಮಹರಾಯ! ಸಂಜೆಯೊಳಗೆ ಇಡೀ ಊರಿಗೆ ಹೇಳ್ತೀನಿ!"

"ಹೇಳ್ಕೋ ಹೋಗು," ಎಂದ ಎವಾಸಿಯೊ. ಬೀಗದಕೈ ತೆಗೆಯಲು ಜೇಬಿಗೆ ಕೈ ಹಾಕಿದ. ಅದರ ಜೊತೆಗೇ ಬಿರಡೆಯ ತಿರುಪೂ ಬಂದು ಮೇಜಿನ ಮೇಲೆ ಠಣ್ಣೆಂದು ಬಿತ್ತು.

ಫಿಯೊರೆನ್ಸಾ ತಿರುಪನ್ನು ನೋಡಿದಳು. ಅಪ್ಪನನ್ನು ನೋಡಿದಳು. ಅವಳೊಬ್ಬಳು ನಗಲಿಲ್ಲ. ಕೆಂಪು ಕಾಲುಚೀಲದ ಬಾಟಲಿ ಎತ್ತಿ, ಉಳಿದದ್ದನ್ನೆಲ್ಲ, ಮಡ್ಡಿ ಕದಡದ ಹಾಗೆ, ನಿಧಾನವಾಗಿ ಅವನ ಲೋಟಕ್ಕೆ ಬಗ್ಗಿಸಿದಳು.