ಹುಣಸೆಯ ಬುಡದ ಕುಂಕುಮ

ಉಗುರಿನ ಸಂದಿಯಲ್ಲಿ ಕೆಂಪು ಉಳಿದುಬಿಟ್ಟಿದೆ. ಎರಡು ಸಲ ಸಾಬೂನು ಹಚ್ಚಿ ಉಜ್ಜಿದರೂ ಹೋಗಿಲ್ಲ, ಯಾರಾದರೂ ನೋಡಿದರೆ? ಬೆಳಿಗ್ಗೆ ಡೈರಿಯಲ್ಲಿ ಇಷ್ಟು ಬರೆದ ಕೃಷ್ಣವ್ವ, ಬರೆದದ್ದೂ ತಪ್ಪೆನಿಸಿ ಹಾಳೆ ಹರಿದು ಒಲೆಗೆ ಹಾಕಿ ಕೆಲಸಕ್ಕೆ ಬಂದಿದ್ದಳು.

ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ ಅದರ ಕೆಳಗೊಂದು ಉದ್ಯಾನ ಎದ್ದಿತ್ತು. ಎರಡು ಕೊಳ, ಹಿಂದೆ ನೆಟ್ಟು ಬೆಳೆಸಿದ ಕಾಡು. ಧಾರವಾಡದಲ್ಲಿ ಬಿ.ಎ. ಮುಗಿಸಿದ ಕೃಷ್ಣವ್ವನಿಗೆ ಅಲ್ಲಿ ಸಸಿಗಳ ದಫ್ತರ ಬರೆಯುವ ಕೆಲಸ. ಮಧ್ಯಾಹ್ನ ಅವಳು ಬುತ್ತಿ ಬಿಚ್ಚುವುದೂ ಡೈರಿ ತೆರೆಯುವುದೂ ದೊಡ್ಡ ಕೊಳದ ದಂಡೆಯ ಹಳೆಯ ಹುಣಸೆಯ ಕೆಳಗೇ. ದೋಣಿ ಕಟ್ಟಲು ದಂಡೆಯಲ್ಲಿ ಜಾಗ ಸಾಲದೆಂದು ಆ ಮರ ಕಡಿಯಲು ಹುಕುಂ ಆಯಿತು. ಬೇಡ ಎನ್ನಲು ಅವಳ ನಾಲಿಗೆ ಏಳಲಿಲ್ಲ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಬುಡದಲ್ಲೊಂದು ಕಲ್ಲಿಟ್ಟು, ಅದಕ್ಕೂ ಕಾಂಡಕ್ಕೂ ಕುಂಕುಮ ಬಳಿದಿದ್ದಳು.

ಇವತ್ತು ಕೊಡಲಿಯವರು ಅದನ್ನು ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದು ಹೊರಟುಹೋದರು.

ಮೇಲ್ವಿಚಾರಕ ಉಳವಪ್ಪ ಆಳುಗಳನ್ನೆಲ್ಲ ಕೊಳದ ಕಟ್ಟೆಗೆ ಕರೆಸಿ, ಒಬ್ಬೊಬ್ಬರ ಕೈ, ಹಣೆ ನೋಡುತ್ತ ಬಂದ. ಆಳುಗಳೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯತೊಡಗಿದರು. ಕೃಷ್ಣವ್ವ ಬೆರಳಿಗೆ ಸೆರಗು ಸುತ್ತಿಕೊಂಡಳು. ಗಿಡಕ್ಕೆ ನೀರುಣಿಸುವ ಕೆಂಚವ್ವ ಆ ಬೆರಳನ್ನೇ ನೋಡಿದಳೆ? ಅಥವಾ ಸೀರೆಯ ಅಂಚನ್ನೆ?

ಮುದಿ ಮಾಲಿ ಭರಮಪ್ಪನ ಮುಂದೆ ಉಳವಪ್ಪ ನಿಂತುಬಿಟ್ಟ. ಮುದುಕನ ಹಣೆಯಲ್ಲಿ ಹಸಿ ಕುಂಕುಮ.

"ಸಿಕ್ಕಿ ನೋಡು ಮಗನ! ಮರಾ ಕಡೀಬ್ಯಾಡ್ರಿ ಅಂತ ಮೊದಲು ಒದರಿದಾಂವಾ ನೀನಽ."

"ಒದರಿದ್ದು ಖರೇ ರೀ ಸಾಹೇಬ್ರ. ಆದ್ರ ಇದು, ತಾಯಿ ತಾನಽ ಬಂದು ಕುಂತಾಳ್ರಿ. ಮುಂಜಾನೆ ನೋಡಿ ಮೈ ಝುಂ ಅಂತು. ಅಡ್ಡಬಿದ್ದು ಹಣಿಗೆ ಹಚ್ಚಿಕೊಂಡೆ, ಅಷ್ಟಽ."

"ತಾಯಿ ಏನು ಕಿತ್ತೂರಾಗ ಬಸ್ ಹತ್ತಿ ಬಂದ್ಲೇನು?"

"ಟಿಕೀಟು ಯಾರು ತಗಸಿದ್ರೋ ಮಾವಾ!" ಕೆಂಚವ್ವ ಕಿಸಕ್ಕನೆ ನಕ್ಕಳು.

ಭರಮಪ್ಪ ನಗಲಿಲ್ಲ.

"ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದ ಉಳವಪ್ಪ. "ಇದು ಮನಷ್ಯಾರ ಕೆಲಸ ಅಂತ ಗೊತ್ತಾದ್ರ ಕೊಡಲಿಯವರೂ ತಿರುಗಿ ಬರತಾರ."

ಕೃಷ್ಣವ್ವ ಸೆರಗನ್ನು ಬೆರಳಿಗೆ ಇನ್ನಷ್ಟು ಬಿಗಿದಳು. ಸುಮ್ಮನಿದ್ದರೆ ಮುದುಕನ ಅನ್ನ ಹೋಗುತ್ತದೆ, ಮರವೂ ಹೋಗುತ್ತದೆ. ಬಾಯಿ ಬಿಟ್ಟರೆ ಮರದ ಜೊತೆಗೆ ಅವನು ನಂಬಿದ ತಾಯಿಯೂ ಹೋಗುತ್ತಾಳೆ.

ಭರಮಪ್ಪ ಹುಣಸೆಯ ಕಡೆಗೆ ತಿರುಗಿ ಕೈಜೋಡಿಸಿದ. "ಯವ್ವಾ, ನೀನಽ ಹೇಳಬೇ, ಯಾರು ಹಚ್ಚಿದ್ರಂತ."

ಕೊಳದಲ್ಲಿ ಒಂದು ಮೀನು ಹೊರಳಿತು. ಕೃಷ್ಣವ್ವ ಬೆರಳಿನ ಸೆರಗು ಬಿಚ್ಚಿದಳು.

"ನಾನಽ ಹಚ್ಚೇನಿ, ಕಾಕಾ."