ಚೀಲ ಅಂದ್ರೆ ಚೀಲ

ಕಬ್ಬಿಣದ ಸಲಾಕೆಯ ತುದಿ ಇನ್ನೇನು ಕಾರಿನ ಗಾಜಿಗೆ ತಗುಲಬೇಕು, ಕೈಗಾಡಿಯವನು ತಿರುಗಿಯೂ ನೋಡುವುದಿಲ್ಲ, ಇವರು ಹಾರ್ನ್ ಒತ್ತುತ್ತಲೇ ಇದ್ದಾರೆ, ಇತವಾರಿ ಪೇಟೆಯಲ್ಲಿ ಹಾರ್ನಿಗೆ ಯಾರು ಸರಿಯುತ್ತಾರೆ, ಅಡ್ಡದಾರಿ ವೇಣಿ, ಜಲ್ದಿ ಹೋಗ್ಬಿಡ್ಬೋದು ಅಂದರು ಮನೆ ಬಿಡುವಾಗ, ಇವರ ಅಡ್ಡದಾರಿಗಳನ್ನು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಎಲ್ಲವೂ ಹೀಗೆ ಯಾವುದೋ ಟೆಂಪೋದ ಹಿಂದೆ ಹೋಗಿ ನಿಲ್ಲುತ್ತವೆ — ತೊಡೆಯ ಮೇಲಿನ ಡಬ್ಬಿಯೊಳಗೆ ಎರಡೂ ಪುಸ್ ಪುಸ್ ಅನ್ನುತ್ತಿವೆ, ಝುಣಕಾ ಮತ್ತು ಭಾಕರ್, ಇಲ್ಲಿಯವರ ಪಿಟ್ಲ-ರೊಟ್ಟಿಯ ಹೆಸರು, ಇಟ್ಟವಳು ಮಗಳು ಧೃತಿ, ಅವಳಿಗೆ ಇವತ್ತು ಪರೀಕ್ಷೆಯಂತೆ, ಆಯೀ ತೂಚ್ ಘೇವೂನ್ ಜಾ ನಾ ಅಂದಳು, ನೀನೇ ತಗೊಂಡು ಹೋಗು ಅಂತ ಮರಾಠಿಯಲ್ಲಿ, ಅವ್ವಾ ಅನ್ನಲು ನಾಲಿಗೆ ಹೊರಳುವುದಿಲ್ಲ ಇವಳಿಗೆ. ಹೊರದೇಶದ ಮುಳ್ಳುಹಂದಿಗಳಂತೆ, ಎಲ್ಲಿಯ ಹಂದಿ, ಅಂಗೈಯಗಲದ ಇಲಿಗೆ ಮುಳ್ಳು ಚುಚ್ಚಿದ ಹಾಗಿವೆ, ಫ್ಯಾಕ್ಟರಿ ಕ್ವಾರ್ಟರ್ಸಿನ ಪಕ್ಕದ ಮನೆಯ ದೇಚಮ್ಮ ನೋಡಿ, ಇದನ್ನ ಯಾರಾದ್ರೂ ಸಾಕ್ತಾರಾ ಅಂದಳು, ಅವಳು ಅಂದದ್ದಕ್ಕೇ ನನಗೆ ಸಿಟ್ಟು ಬಂತು, ನನ್ನ ಮನೆಯದನ್ನು ನಾನು ಬೈಯಬೇಕು, ಇವಳ್ಯಾರು. ಎರಡೂ ಹೆಣ್ಣು. ಈ ಜಾತಿಯ ಹೆಣ್ಣಿಗೆ ಸ್ವಲ್ಪ ವಯಸ್ಸಾದರೆ ಗರ್ಭಕೋಶದಲ್ಲಿ ಗಂಟು ಬೆಳೆಯುವುದು ಹೆಚ್ಚು, ಚೆನ್ನಾಗಿರುವಾಗಲೇ ತೆಗೆಸಿಬಿಡಿ ಅಂದಿದ್ದರು ಡಾಕ್ಟರ್ ಹೋದ ಸಲ, ಆದರೆ ಇಷ್ಟು ಚಿಕ್ಕ ಜೀವ, ಮದ್ದು ಕೊಟ್ಟು ಮಲಗಿಸಿದರೆ ಏಳದೇ ಹೋಗಬಹುದು ಅಂತಲೂ ಅಂದರು, ಯೋಚಿಸಿ ಬನ್ನಿ. ಇವರು ಯೋಚಿಸಿದರು, ಮೊಬೈಲಿನಲ್ಲಿ ಯೋಚಿಸಿದರು, ಊಟದ ತಟ್ಟೆಯ ಮುಂದೆ ಯೋಚಿಸಿದರು, ಆಮೇಲೆ ನೀನೇನಂತೀಯ ಅಂದರು. ನಾನು ಅವರ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಏನನ್ನಬೇಕೆಂದು ನನಗೆ ಗೊತ್ತಿತ್ತು. ಬ್ಯಾಡ. ಚಂದ ಇದ್ದದ್ದನ್ನ ಕೊಯ್ಯಬ್ಯಾಡ್ರಿ.

ಪ್ರಾಣಿಗಳ ದವಾಖಾನೆ ಇರುವುದು ಹಾರ್ಡ್‌ವೇರ್ ಅಂಗಡಿಯ ಮೇಲೆ, ಮೆಟ್ಟಿಲ ತುಂಬ ನಲ್ಲಿ ಪೈಪು, ಡಬ್ಬಿ ನನ್ನ ಕೈಯಲ್ಲಿ, ಇವರ ಕೈಯಲ್ಲಿ ಹಳದಿ ಚೀಲ, ಗದಗಿನ ಬಟ್ಟೆ ಅಂಗಡಿಯದು, ನನ್ನ ತವರಿನಿಂದ ಬಂದದ್ದರಲ್ಲಿ ಅದೊಂದೇ ಇನ್ನೂ ಉಳಿದಿದೆ, ಹರಿಯುವುದೂ ಇಲ್ಲ, ಎಸೆಯಲು ಇವರು ಬಿಡುವುದೂ ಇಲ್ಲ — ಬೆಂಚಿನ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹೆಂಗಸು ತನ್ನ ನಾಯಿಗೆ ಬೇಟಾ ಬೇಟಾ ಅನ್ನುತ್ತಿದ್ದಾಳೆ, ನಾಯಿಗೆ ಉಸಿರಾಡಲೂ ಆಗದಷ್ಟು ತಿನ್ನಿಸಿದ್ದಾಳೆ, ಇವರು ಅವಳಿಗೆ ಹಲ್ಲು ಬಿಡುತ್ತಿದ್ದಾರೆ. ಒಳಗೆ ಕರೆದರು. ಇವರು ಚೀಲವನ್ನು ಡಾಕ್ಟರ ಮೇಜಿನ ಮೇಲೇ ಇಟ್ಟರು, ಇಂದಿಗೂ ಬುದ್ಧಿ ಬಂದಿಲ್ಲ, ಅವತ್ತೂ ಹೀಗೇ ಇಟ್ಟಿದ್ದರು. ಅವತ್ತು, ಧೃತಿಗೆ ಇನ್ನೂ ಮಾತು ಬರುತ್ತಿರಲಿಲ್ಲ, ಮೈಸೂರಿನಿಂದ ಈ ಮರಾಠಿ ಊರಿಗೆ ವರ್ಗವಾಗಿ ಬಂದ ಹೊಸತು, ನನಗೆ ರಕ್ತ ನಿಲ್ಲುತ್ತಲೇ ಇಲ್ಲ, ಆಸ್ಪತ್ರೆ ಸೇರಿಸಿದರು, ಕೈಗೆ ಸಲೈನ್, ಕಣ್ಣೆಳೆಯುತ್ತಿತ್ತು, ಡಾಕ್ಟರು ಇವರನ್ನು ತಮ್ಮ ಕೋಣೆಗೆ ಕರೆಸಿ ಮರಾಠಿಯಲ್ಲಿ ಕೇಳಿದರಂತೆ, ಪಿಶವೀ ಕಾಢೂನ್ ಟಾಕೂ ಕಾ. ಪಿಶವೀ ಅಂದರೆ ಚೀಲ, ತರಕಾರಿ ತರುತ್ತ ಅಷ್ಟು ಮರಾಠಿ ಕಲಿತಿದ್ದರು ಇವರು. ಮೇಜಿನ ಮೇಲೆ ಹಳದಿ ಚೀಲ ಇತ್ತು. ತೆಗೆಯಲಾ ಅಂತ ಕೇಳುತ್ತಿದ್ದಾರೆ, ಅಡ್ಡವಾಯಿತೇನೋ ಪಾಪ. ಹೋ ಹೋ, ಬರೋಬರ್ ಅಂದರು, ಹೌದು ಹೌದು, ಸರಿ ಅಂತ, ಕೈ ಚಾಚಿ ಚೀಲ ಎತ್ತಿ ಕಾಲ ಬಳಿ ಇಟ್ಟುಕೊಂಡರು, ಆಮೇಲೆ ತೋರಿಸಿದಲ್ಲಿ ಸಹಿಯನ್ನೂ ಹಾಕಿದರು, ಓದುವ ಗೋಜಿಗೆ ಹೋಗಲಿಲ್ಲ. ನಮ್ಮ ಓಣಿಯಲ್ಲಿ ಚೀಲ ತಗಸ್ಯಾಳ ಅಂದರೆ ಗರ್ಭಚೀಲ ಅಂತ ಯಾವ ಹುಡುಗಿಗೂ ತಿಳಿಯುತ್ತಿತ್ತು, ನಾನು ಎದ್ದು ಕೂತಿದ್ದರೆ ಒಂದೇ ಮಾತಿಗೆ ತಿಳಿಯುತ್ತಿತ್ತು, ಇವರು ಮೈಸೂರಿನವರು, ನನ್ನ ಮಾತಿಗೆ ನಗುತ್ತಿದ್ದರು, ನಿಮ್ದು ಕನ್ನಡಾನೇ ಅಲ್ಲ ಬಿಡು, ಅರ್ಧ ಮರಾಠಿ. ಆ ಅರ್ಧ ಮರಾಠಿ ಇವರಿಗೆ ಬಂದಿದ್ದರೆ ಸಾಕಿತ್ತು. ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಚೀಲವನ್ನು ಎದೆಗವಚಿಕೊಂಡು ನಿಂತಿದ್ದರು, ವೇಣಿ, ನಾನು ಚೀಲ ಅಂದ್ರೆ ಚೀಲ ಅಂದ್ಕೊಂಡೆ. ಧೃತಿಗೊಂದು ಜೊತೆ ಬೇಕೆಂದಿದ್ದೆ ನಾನು, ಹೆಸರು ಕೂಡ ಯೋಚಿಸಿದ್ದೆ, ಆ ಹೆಸರನ್ನು ಇವರಿಗೆ ಇವತ್ತಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಸ್ಟೀಲಿನ ಮೇಜಿನ ಮೇಲೆ ಝುಣಕಾ ಉಂಡೆಯಾಗಿ ಕೂತಿದೆ, ಡಾಕ್ಟರ್ ಮುಟ್ಟುವುದಿಲ್ಲ, ಅದಾಗಿಯೇ ಬಿಚ್ಚಿಕೊಳ್ಳಲಿ ಅಂತ ಕಾಯುತ್ತಾರೆ, ಇಲಿಗೆ ಇರುವ ಮರ್ಯಾದೆ — ಮೊದಲು ಮೂಗು ಹೊರಬಂತು, ಆಮೇಲೆ ಹೊಟ್ಟೆ, ಮುಳ್ಳಿಲ್ಲದ ಮೆತ್ತನೆಯ ಹೊಟ್ಟೆ, ಉಸಿರಿಗೆ ಏರಿಳಿಯುತ್ತಿದೆ. ಡಾಕ್ಟರ್ ಇವರ ಕಡೆ ತಿರುಗಿದರು, ಇವರ ಕಡೆಗೇ, ಎಲ್ಲರೂ ಇವರ ಕಡೆಗೇ ತಿರುಗುವುದು. ಕಾಯ್ ಸಾಹೇಬ್, ಮಗ್ ದೋಘೀಂಚೀ ಪಿಶವೀ ಕಾಢಾಯಚೀ ನಾ? ಎರಡರದ್ದೂ ತೆಗೆಯುವುದು ತಾನೇ ಅಂತ. ಆ ಮಾತು ಕಿವಿಗೆ ಬಿದ್ದದ್ದೇ ತಡ ಇವರ ಕೈ ಹಳದಿ ಚೀಲಕ್ಕೆ ಹೋಯಿತು, ಅರ್ಥ ಗೊತ್ತಿದ್ದೂ ಹೋಯಿತು, ಹೋ ಅನ್ನಲಿಲ್ಲ, ಬರೋಬರ್ ಅನ್ನಲಿಲ್ಲ, ಚೀಲವನ್ನು ಅರ್ಧಕ್ಕೆ ಎತ್ತಿಬಿಟ್ಟರು. ಅವರನ್ನ ಕೇಳಬ್ಯಾಡ್ರಿ, ನನ್ನ ಕೇಳ್ರಿ, ಕನ್ನಡದಲ್ಲೇ ಅಂದುಬಿಟ್ಟೆ, ಆಮೇಲೆ ಮಲಾ ವಿಚಾರಾ ಅಂದೆ. ಡಾಕ್ಟರ್ ನನ್ನತ್ತ ತಿರುಗಿದರು. ತಾಯೀ, ಪಿಶವೀ ಕಾಢೂ ಕಾ? ಇಷ್ಟೇ ಮಾತು, ಉಸಿರು ಬಿಡುವಷ್ಟರಲ್ಲಿ ಮುಗಿಯುವ ಮಾತು, ಇದನ್ನು ನನ್ನನ್ನು ಕೇಳಲು ಅವತ್ತು ಯಾರಿಗೂ ಪುರಸೊತ್ತಿರಲಿಲ್ಲ. ಬ್ಯಾಡ ಅನ್ನುವುದು ಬಾಯಲ್ಲೇ ಇದೆ, ಆದರೆ ಅದು ನನ್ನದು, ಇವುಗಳದ್ದಲ್ಲ, ಬ್ಯಾಡ ಅಂದರೆ ಗಂಟು, ಹೂಂ ಅಂದರೆ ಏಳದ ನಿದ್ದೆ, ಆ ಹೊಟ್ಟೆ ಏರುತ್ತದೆ, ಇಳಿಯುತ್ತದೆ, ಹೇಳು ವೇಣಿ, ನೀನೇ ಹೇಳು ಅನ್ನುತ್ತಿದ್ದಾರೆ ಇವರು, ಡಾಕ್ಟರ್ ಕಾಯುತ್ತಿದ್ದಾರೆ, ಬ್ಯಾಡ, ಹೂಂ, ಬ್ಯಾ — ಹಳದಿ ಚೀಲ, ಮೇಜಿನಿಂದ ಒಂದು ಗೇಣು ಮೇಲೆ, ಕೆಳಗಿಡಲೂ ಆಗದೆ, ಇವರ ಕೈಯಲ್ಲಿ.